ತಾಯಿ ಕಾರ್ಡು ಯಾವ ಡಬ್ಬದಲ್ಲಿದೆ?

ಈ ದಸರಾ ಬಂದರೆ ನಮ್ಮ ಮಗನಿಗೆ ಒಂದು ವರ್ಷ. ಅಷ್ಟರಲ್ಲೇ ಅವನು ಮಂಡ್ಯ ಜಿಲ್ಲೆಯ ನಾಲ್ಕು ತಾಲ್ಲೂಕು ಸುತ್ತಿ ಬಂದಿದ್ದಾನೆ. ಹುಟ್ಟಿದ್ದು ನನ್ನ ತವರಿನ ಕಡೆ, ಕೆ.ಆರ್. ಪೇಟೆಯಲ್ಲಿ. ಬಾಣಂತನ ಕಿಕ್ಕೇರಿ ಹತ್ತಿರದ ಅಮ್ಮನ ಮನೆಯಲ್ಲಿ. ಐದು ತಿಂಗಳು ತುಂಬಿದ ಮೇಲೆ ನಾಗಮಂಗಲ ತಾಲ್ಲೂಕಿನ ಅತ್ತೆ ಮನೆ. ಅಲ್ಲಿಂದ ನಮ್ಮ ಯಜಮಾನರ ಕೆಲಸವಿದ್ದ ಪಾಂಡವಪುರದ ಬಾಡಿಗೆ ಮನೆ. ಕೊನೆಗೆ, ಸಾಲ ಸೋಲ ಮಾಡಿ ಕಟ್ಟಿದ ಶ್ರೀರಂಗಪಟ್ಟಣದ ನಮ್ಮದೇ ಮನೆ.

ಆರು ತಿಂಗಳವರೆಗೆ ಎದೆಹಾಲು ಬಿಟ್ಟು ನೀರು ಕೂಡ ಬೇಡ ಅಂತ ಸಿಸ್ಟರ್ ಹೇಳಿದ್ದರಿಂದ, ಕೆ.ಆರ್. ಪೇಟೆಯ ನೀರನ್ನು ಅವನು ಕುಡಿದಿದ್ದು ನನ್ನ ಮೂಲಕವೇ. ಮೊದಲ ತುತ್ತು ರಾಗಿ ಸರಿ ತಿಂದದ್ದು ನಾಗಮಂಗಲದಲ್ಲಿ. ರಾಗಿ ನೆನೆಸಿ, ಮೊಳಕೆ ಕಟ್ಟಿ, ಒಣಗಿಸಿ, ಬೀಸಿ, ತೆಳ್ಳನೆ ಬಟ್ಟೆಯಲ್ಲಿ ಸೋಸಿ ಅತ್ತೆಯೇ ಮಾಡಿದ್ದು. ಅಂಬೆಗಾಲಿಟ್ಟದ್ದು ಪಾಂಡವಪುರದಲ್ಲಿ. ಹೀಗೆ ಒಂದೊಂದು ಮನೆಗೂ ಅವನದೊಂದು ಲೆಕ್ಕ ಇದೆ. ಆ ಲೆಕ್ಕದಲ್ಲಿ ನಾನು ತಪ್ಪಿದ್ದು ಒಂದೇ ಕಡೆ. ಅದನ್ನು ಹೇಳಿಕೊಳ್ಳೋಕೇ ಇವತ್ತು ಬರೆಯುತ್ತಿದ್ದೇನೆ.

ಮನೆ ಕೆಲಸ ಮುಗಿಯುವ ಹೊತ್ತಿಗೆ ಜೂನ್ ಬಂದಿತ್ತು. "ಆಷಾಢ ಹುಟ್ಟೋದ್ರೊಳಗೆ ಹಾಲುಕ್ಕಿಸಿಬಿಡ್ರಪ್ಪ, ಇಲ್ದಿದ್ರೆ ಶ್ರಾವಣದವರೆಗೆ ಕಾಯ್ಬೇಕಾಯ್ತದೆ" ಅಂದರು ಅತ್ತೆ. ಬಾಡಿಗೆಯನ್ನೂ ಕಂತನ್ನೂ ಒಟ್ಟಿಗೆ ಕಟ್ಟುವ ಶಕ್ತಿ ನಮಗಿರಲಿಲ್ಲ. ಬಣ್ಣ ಒಣಗುವ ಮೊದಲೇ ಗೃಹಪ್ರವೇಶ ಆಯಿತು. ಮಾರನೆ ವಾರ ಸಾಮಾನು ಸಾಗಿಸಿದೆವು.

ಪಾಂಡವಪುರದ ಮನೆ ಓನರ್ ಆಂಟಿಗೆ ಎಪ್ಪತ್ತು ದಾಟಿದೆ. ಅವರ ಗಂಡನ ಮನೆಯವರು ಹೊಸ ಕನ್ನಂಬಾಡಿಯವರು. ನಮ್ಮ ಕಡೆಯವರಿಗೆ ಗೊತ್ತಿರುವ ಕತೆಯೇ. 1911ರಲ್ಲಿ ಕಟ್ಟೆ ಕೆಲಸ ಶುರುವಾಯಿತು. ಕೃಷ್ಣರಾಜಸಾಗರದ ನೀರು ನಿಂತ ಮೇಲೆ ಹಳೇ ಕನ್ನಂಬಾಡಿ ಊರೇ ಮುಳುಗಿತು. ಜನ ಎದ್ದು ಬಂದು ಹೊಸ ಕನ್ನಂಬಾಡಿ ಕಟ್ಟಿಕೊಂಡರು. ನೀರು ಇಳಿದಾಗ ಮಾತ್ರ ಕಾಣಿಸುತ್ತಿದ್ದ ವೇಣುಗೋಪಾಲಸ್ವಾಮಿ ದೇವಸ್ಥಾನವನ್ನೂ ಎಷ್ಟೋ ವರ್ಷಗಳ ನಂತರ ಕಲ್ಲು ಕಲ್ಲಾಗಿ ಬಿಚ್ಚಿ ತಂದು ಹಿನ್ನೀರಿನ ದಂಡೆಯಲ್ಲಿ ಮತ್ತೆ ನಿಲ್ಲಿಸಿದರು.

ನಾನು ಡಬ್ಬಗಳಿಗೆ ಟೇಪು ಹಾಕುತ್ತಾ ಕೂತಿದ್ದಾಗ ಆಂಟಿ ಬಾಗಿಲಲ್ಲಿ ನಿಂತು, "ನಮ್ಮತ್ತೆ ಹಳೇ ಊರಿಂದ ಅವರವ್ವನ ಮಡಿಲಲ್ಲೇ ಬಂದೋರು ಕಣವ್ವ. ಗಾಡಿ ಮೇಲೆ ಹೇರಿದ್ದು ಹೆಚ್ಚುಕಮ್ಮಿ ಆದ್ರೂ ಆಯ್ತದೆ, ಕೂಸಿಂದು ಏನೇನೈತೋ ಎಲ್ಲಾ ಮಡಿಲಲ್ಲೇ ಇರ್ಲಿ ಅಂತಿದ್ರು. ನೀನೂ ಹಂಗೇ ಮಾಡು" ಅಂದರು.

"ಆಯ್ತು ಆಂಟಿ" ಅಂದು ನಕ್ಕೆ. ಆದರೆ ನಾನು ಮಡಿಲಲ್ಲಿ ಇಟ್ಟುಕೊಂಡಿದ್ದು ಒಡವೆ ಪರ್ಸು, ಮನೆ ಪತ್ರದ ಫೈಲು. ಮಗನ ತಾಯಿ ಕಾರ್ಡು ಯಾವುದೋ ಡಬ್ಬಕ್ಕೆ ಹೋಯಿತು.

ಅದೇ ದಿನ ಇನ್ನೊಂದು ನಡೆಯಿತು. ಮನೆ ಖಾಲಿಯಾಗಿ ಟಾಟಾ ಏಸ್ ಹೊರಟಿತ್ತು. ಮಗ ಬರಿದಾದ ಹಾಲಿನಲ್ಲಿ ಒಂದು ಸ್ಟೀಲ್ ಡಬ್ಬದ ಮುಚ್ಚಳ ಹಿಡಿದು ಆಡುತ್ತಿದ್ದ. ಅದು ಉರುಳಿಕೊಂಡು ಹೊರಗೆ ಹೋಯಿತು. ಇವನು ಅದರ ಹಿಂದೆಯೇ ಹೋಗಿ, ಹೊಟ್ಟೆ ತಾಗಿಸಿಕೊಂಡು ಹೊಸಲು ದಾಟಿಬಿಟ್ಟ! ಮೊದಲ ಹೊಸಲು ನಮ್ಮನೆಯದೇ ಆಗಬೇಕು ಅಂತ ಅಮ್ಮನಿಗೂ ಅತ್ತೆಗೂ ಒಳಗೊಳಗೇ ಪೈಪೋಟಿ ಇತ್ತು. ಕೊನೆಗೆ ಅವನು ದಾಟಿದ್ದು ನಾವು ಬಿಟ್ಟು ಹೊರಟಿದ್ದ ಬಾಡಿಗೆ ಮನೆಯ ಹೊಸಲನ್ನು. ಆಂಟಿ ಓಡಿಹೋಗಿ ಸಕ್ಕರೆ ತಂದು ಅವನ ತುಟಿಗೆ ಒಂದೇ ಒಂದು ಹರಳು ಮುಟ್ಟಿಸಿದರು. ಅವರ ಕಣ್ಣಲ್ಲಿ ನೀರು.

ಶ್ರೀರಂಗಪಟ್ಟಣಕ್ಕೆ ಬಂದ ಮೇಲೆ ದಿನಗಳು ಹೇಗೆ ಹೋದವೋ ಗೊತ್ತಾಗಲಿಲ್ಲ. ಪ್ಲಂಬರು, ಕರೆಂಟಿನವರು, ನೋಡಲು ಬರುವ ನೆಂಟರು. ಅರ್ಧ ಡಬ್ಬಗಳು ರೂಮಿನ ಮೂಲೆಯಲ್ಲೇ ಇದ್ದವು. ಜುಲೈ ಮೊದಲ ವಾರ ಮಗನಿಗೆ ಒಂಬತ್ತು ತಿಂಗಳು ತುಂಬಿತು. ಹೊಸ ಗೋಡೆ ಮುಂದೆ ಕೂರಿಸಿ ಫೋಟೋ ತೆಗೆದು ಎಲ್ಲರಿಗೂ ಕಳಿಸಿದೆ. ಚುಚ್ಚುಮದ್ದಿನ ನೆನಪೇ ಬರಲಿಲ್ಲ.

ಆಗಸ್ಟ್‌ನಲ್ಲಿ ಒಂದು ದಿನ ಅವನಿಗೆ ಭೇದಿ ಶುರುವಾಯಿತು. ಸಂಜೆ ಹೊತ್ತಿಗೆ ಮುಖ ಬಾಡಿ ಸಣ್ಣಗಾಗಿತ್ತು. ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಎತ್ತಿಕೊಂಡು ಓಡಿದೆವು. ಡಾಕ್ಟರು ನೋಡಿ ಓಆರ್‌ಎಸ್ ಮತ್ತು ಜಿಂಕ್ ಬರೆದುಕೊಟ್ಟರು. ಒಂದು ಲೀಟರಿನ ಪೊಟ್ಟಣವನ್ನು ಕಾಯಿಸಿ ಆರಿಸಿದ ಒಂದು ಲೀಟರ್ ನೀರಿಗೇ ಪೂರ್ತಿ ಹಾಕಬೇಕು, 24 ಗಂಟೆ ದಾಟಿದರೆ ಚೆಲ್ಲಬೇಕು, ಭೇದಿ ನಿಂತರೂ ಜಿಂಕ್ ಅನ್ನು 14 ದಿನ ಬಿಡದೆ ಕೊಡಬೇಕು, ಎದೆಹಾಲು ನಿಲ್ಲಿಸಲೇಬಾರದು ಅಂತ ಸಿಸ್ಟರ್ ಬಿಡಿಸಿ ಹೇಳಿದರು. ಆಮೇಲೆ ಕೇಳಿದರು, "ತಾಯಿ ಕಾರ್ಡ್ ಎಲ್ಲಮ್ಮ? ಒಂಬತ್ತು ತಿಂಗಳಿಂದು ಹಾಕ್ಸಿದೀರ?"

ಸುತ್ತ ಜನ. ಪಕ್ಕದಲ್ಲಿ ಅತ್ತೆ. ನನ್ನ ಬಾಯಿಂದ ತಾನಾಗೇ ಬಂತು, "ಹೂಂ ಸಿಸ್ಟರ್, ಪಾಂಡವಪುರದಲ್ಲೇ ಹಾಕ್ಸಿದೀವಿ."

ಅವರು ತಲೆಯಾಡಿಸಿ ಮುಂದಿನವರನ್ನು ಕರೆದರು.

ಆ ರಾತ್ರಿ ಮಗ ಚೇತರಿಸಿಕೊಂಡು ಮಲಗಿದ. ನನಗೆ ನಿದ್ದೆ ಬರಲಿಲ್ಲ. ಎದ್ದು ಒಂದೊಂದೇ ಡಬ್ಬ ಬಿಚ್ಚಿದೆ. ಕಾರ್ಡು ಸಿಕ್ಕಿದ್ದು ಕುಕ್ಕರಿನ ಡಬ್ಬದಲ್ಲಿ, ಹಳೇ ಪೇಪರುಗಳ ನಡುವೆ. ಹುಟ್ಟಿದಾಗಿನ ಬಿಸಿಜಿ, ಪೋಲಿಯೊ ಹನಿ, ಆರು, ಹತ್ತು, ಹದಿನಾಲ್ಕು ವಾರದ ಲಸಿಕೆಗಳು, ಎಲ್ಲಾ ಕೆ.ಆರ್. ಪೇಟೆ ಕಡೆಯ ಸಿಸ್ಟರ್ ಕೈಬರಹದಲ್ಲಿ ಸಾಲಾಗಿ ಇದ್ದವು. ಒಂಬತ್ತು ತಿಂಗಳಿನ ಮನೆ ಮಾತ್ರ ಖಾಲಿ. ಪೆನ್ಸಿಲ್‌ನಲ್ಲಿ ಬರೆದಿದ್ದ ತಾರೀಖು ಕಳೆದು ಒಂದೂವರೆ ತಿಂಗಳಾಗಿತ್ತು. ನಮ್ಮ ಮನೆ ತುಂಬಿಸುವ ಗಡಿಬಿಡಿಯಲ್ಲಿ ಅವನ ಮನೆ ಖಾಲಿ ಬಿಟ್ಟಿದ್ದೆ.

ಬೆಳಿಗ್ಗೆ ಅತ್ತೆಗೆ ಹೇಳಿದೆ. ಬೈಯುತ್ತಾರೆ ಅಂದುಕೊಂಡಿದ್ದೆ. "ಆಸ್ಪತ್ರೆಲಿ ಬೈಸ್ಕೊಂಡ್ರೆ ಬೈಸ್ಕೊಳಾನ ಬುಡು. ನಾನೂ ಬತ್ತೀನಿ ನಡಿ" ಅಂದರು.

ಗುರುವಾರ ಹೋದೆವು. "ಸಿಸ್ಟರ್, ಅವತ್ತು ನಾನು ಸುಳ್ಳು ಹೇಳ್ದೆ" ಅಂದೆ. ಅವರು ಒಂದು ಕ್ಷಣ ನನ್ನನ್ನೇ ನೋಡಿದರು. "ಹಾಕ್ಸಿದೀವಿ ಅಂತ ಸುಮ್ನೆ ಹೇಳೋರು ಬೇಕಾದಷ್ಟು ಜನ ಇದಾರಮ್ಮ. ವಾಪಸ್ ಬರೋರು ಕಡಿಮೆ. ಕೂತ್ಕೊಳ್ಳಿ" ಅಂದರು.

ಅವರು ಹೇಳಿದ್ದನ್ನು ನಿಮಗೂ ಹೇಳಿಬಿಡುತ್ತೇನೆ. ದಡಾರಕ್ಕೆ ತಡೆಯೊಡ್ಡುವ ಶಕ್ತಿ ಮಗುವಿಗೆ ಮೊದಲು ತಾಯಿಯಿಂದಲೇ ಬಂದಿರುತ್ತದೆ. ತಿಂಗಳು ಕಳೆದಂತೆ ಅದು ಕರಗುತ್ತದೆ. ಅದಕ್ಕೇ ಒಂಬತ್ತು ತಿಂಗಳು ತುಂಬುತ್ತಿದ್ದಂತೆ ದಡಾರ-ರುಬೆಲ್ಲಾ ಲಸಿಕೆ ಹಾಕಿಸಬೇಕು. ಜೊತೆಗೆ ವಿಟಮಿನ್ ಎ ಹನಿಯೂ ಇರುತ್ತದೆ. ತಪ್ಪಿಹೋದರೆ ಮೊದಲಿನಿಂದ ಶುರು ಮಾಡಬೇಕಿಲ್ಲ, ಬಿಟ್ಟಲ್ಲಿಂದ ಮುಂದುವರಿಸಿದರೆ ಸಾಕು. ಕಾರ್ಡು ಯಾವ ತಾಲ್ಲೂಕಿನದಾದರೂ ಸರಿ, ಯಾವ ಸರ್ಕಾರಿ ಆಸ್ಪತ್ರೆಯಲ್ಲಾದರೂ ದುಡ್ಡಿಲ್ಲದೆ ಹಾಕುತ್ತಾರೆ. ಹೊಸ ಊರಿಗೆ ಹೋದ ವಾರವೇ ಅಲ್ಲಿನ ಆಶಾ ಕಾರ್ಯಕರ್ತೆಗೋ ಅಂಗನವಾಡಿ ಟೀಚರ್‌ಗೋ ಮಗುವಿನ ಹೆಸರು ಬರೆಸಿದರೆ, ನಾವು ಮರೆತರೂ ಅವರು ನೆನಪಿಸುತ್ತಾರೆ. ನಾನು ಅದನ್ನೂ ಮಾಡಿರಲಿಲ್ಲ.

ಮಗ ಒಂದೇ ಸಲ ಕಿರುಚಿ, ಸಿಸ್ಟರ್ ಕೊರಳಿನ ಐಡಿ ಕಾರ್ಡು ಎಳೆಯುತ್ತಾ ಸುಮ್ಮನಾದ. ಖಾಲಿ ಮನೆಯಲ್ಲಿ ನೀಲಿ ಇಂಕಿನ ತಾರೀಖು ಬಿತ್ತು.

ಮನೆಗೆ ಬಂದು ಪಾಂಡವಪುರದ ಆಂಟಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಅವರು ನಗಲೂ ಇಲ್ಲ, ಬುದ್ಧಿಯೂ ಹೇಳಲಿಲ್ಲ. "ಕೂಸು ಈಗ ಹೆಂಗೈತೆ?" ಅಂತ ಮಾತ್ರ ಕೇಳಿದರು.

ಚೆನ್ನಾಗಿದ್ದಾನೆ. ನಮ್ಮನೆಯ ಹೊಸಲನ್ನು ದಿನಕ್ಕೆ ಇಪ್ಪತ್ತು ಸಲ ದಾಟುತ್ತಾನೆ. ತಾಯಿ ಕಾರ್ಡು ಈಗ ನನ್ನ ಹ್ಯಾಂಡ್‌ಬ್ಯಾಗಿನಲ್ಲಿದೆ. ಮುಂದಿನದು ಹದಿನಾರು ತಿಂಗಳಿಗೆ. ಹೊಸ ಕ್ಯಾಲೆಂಡರ್ ಬಂದ ದಿನವೇ ಆ ತಾರೀಖಿಗೆ ಕೆಂಪು ಸುತ್ತು ಹಾಕಬೇಕು ಅಂತ ಅತ್ತೆ ಆಗಲೇ ಎರಡು ಸಲ ಹೇಳಿದ್ದಾರೆ.