ಚಳಿ ಹೊರಗಿರಲಿ, ಕೆಂಡವೂ ಹೊರಗಿರಲಿ

ಮಾಗಿಯ ಚಳಿ ಶುರುವಾಯಿತೆಂದರೆ ಪತ್ರಿಕೆಯ ಮೂಲೆಯಲ್ಲಿರುವ ಹವಾಮಾನದ ಪುಟ್ಟ ಚೌಕಕ್ಕೆ ಇದ್ದಕ್ಕಿದ್ದಂತೆ ಓದುಗರು ಹೆಚ್ಚುತ್ತಾರೆ. ಬೀದರಿನಲ್ಲಿ ಎಷ್ಟು, ವಿಜಯಪುರದಲ್ಲಿ ಎಷ್ಟು, ನಮ್ಮೂರಿನಲ್ಲಿ ಎಷ್ಟು ಎಂದು ನೋಡಿ, 'ಅಬ್ಬಾ, ಒಂಬತ್ತಕ್ಕೆ ಇಳಿದಿದೆ!' ಎಂದು ಉದ್ಗರಿಸಿ, ಇನ್ನೊಂದು ಲೋಟ ಕಾಫಿ ಕೇಳಿ ಪುಟ ತಿರುವುತ್ತೇವೆ. ಮನೆಯಲ್ಲಿ ಹಿರಿಯರಿದ್ದರೆ, ತಮ್ಮ ಕಾಲದ ಚಳಿಯ ಮುಂದೆ ಇದೆಲ್ಲ ಏನೂ ಅಲ್ಲ ಎಂಬ ಮಾತೂ ಬರುತ್ತದೆ. (ಬೆಂಗಳೂರಿನ ಅತಿ ಕಡಿಮೆ ಉಷ್ಣಾಂಶದ ದಾಖಲೆ 7.8 ಡಿಗ್ರಿ ಸೆಲ್ಸಿಯಸ್. ಅದು 1884ರ ಜನವರಿ 13ರದು. ಅಷ್ಟು ಹಿರಿಯರು ಯಾರ ಮನೆಯಲ್ಲೂ ಇರಲಾರರು!)

ಆ ಅಂಕಿಯನ್ನು ಎಲ್ಲಿ ಅಳೆಯುತ್ತಾರೆ ಎಂದು ನೀವು ಯೋಚಿಸಿದ್ದೀರಾ? ನೆಲದಿಂದ ಸುಮಾರು ನಾಲ್ಕು ಅಡಿ ಎತ್ತರದಲ್ಲಿ, ಗಾಳಿಯಾಡುವಂತೆ ಪಟ್ಟಿ ಬಡಿದ ಬಿಳಿಯ ಮರದ ಪೆಟ್ಟಿಗೆಯೊಳಗೆ. ಆಕಾಶ ತಿಳಿಯಾಗಿದ್ದು ಗಾಳಿ ನಿಂತ ರಾತ್ರಿಗಳಲ್ಲಿ ನೆಲವು ತನ್ನ ಬಿಸಿಯನ್ನು ಆಕಾಶಕ್ಕೆ ಬಿಟ್ಟುಕೊಡುತ್ತಾ ಹೋಗುತ್ತದೆ. ಆಗ ಪೆಟ್ಟಿಗೆಯೊಳಗಿನ ಗಾಳಿಗಿಂತ ಕೆಳಗಿನ ನೆಲ ಕೆಲವು ಡಿಗ್ರಿ ಹೆಚ್ಚು ತಣ್ಣಗಿರುತ್ತದೆ. ನಮ್ಮ ನೆರೆಯ ಊಟಿಯಲ್ಲಿ ಎಷ್ಟೋ ಮುಂಜಾವಿನಲ್ಲಿ ಮಾಪಕ ಸೊನ್ನೆಗಿಂತ ಮೇಲಿದ್ದರೂ ಹುಲ್ಲಿನ ಮೇಲಿನ ಇಬ್ಬನಿ ಬೆಳ್ಳಗೆ ಹೆಪ್ಪುಗಟ್ಟಿರುವುದು ಇದೇ ಕಾರಣಕ್ಕೆ. ಅಂದರೆ ಪತ್ರಿಕೆಯಲ್ಲಿ ಅಚ್ಚಾಗುವ ಅಂಕಿ ನಿಂತವನದು, ನೆಲದ ಮೇಲೆ ಮಲಗಿದವನದಲ್ಲ. ಬಸ್ ನಿಲ್ದಾಣದ ಕಲ್ಲುಹಾಸಿನ ಮೇಲೆ, ಕಟ್ಟುತ್ತಿರುವ ಕಟ್ಟಡದ ಪಕ್ಕದ ತಗಡಿನ ಶೆಡ್ಡಿನಲ್ಲಿ, ಕಬ್ಬಿನ ಗದ್ದೆಯ ಬದಿಯ ಗುಡಿಸಲಿನಲ್ಲಿ ಮಲಗಿದವರ ಚಳಿಯನ್ನು ಯಾರೂ ಅಳೆದು ಕೊಡುವುದಿಲ್ಲ. ಅವರು ಮಾಡಬಹುದಾದದ್ದು ಒಂದೇ, ಬೆಂಕಿ ಹಾಕಿಕೊಳ್ಳುವುದು.

ಬೆಂಕಿ ಹಾಕಿಕೊಳ್ಳಬೇಡಿ ಎಂದು ನಾನು ಹೇಳುವುದಿಲ್ಲ. ಹಾಗೆ ಹೇಳಲು ಬೆಚ್ಚನೆಯ ಮನೆಯಲ್ಲಿ ಕುಳಿತವನಿಗೆ ಹಕ್ಕೂ ಇಲ್ಲ. ಆದರೆ ಆ ಬೆಂಕಿ ಎಲ್ಲಿರಬೇಕು ಎಂಬುದನ್ನು ಹೇಳಲೇಬೇಕು. ಏಕೆ ಎಂಬುದಕ್ಕೆ ನಾನೇ ಕಂಡದ್ದೊಂದನ್ನು ಹೇಳುತ್ತೇನೆ.

ಹಲವು ವರ್ಷಗಳ ಹಿಂದಿನ ಮಾತು. ನಾನಾಗ ಉತ್ತರ ಕರ್ನಾಟಕದ ಒಂದು ಸಣ್ಣ ಊರಿನಲ್ಲಿದ್ದೆ. ಡಿಸೆಂಬರ್ ತಿಂಗಳು. ಬೆಳಗಿನ ಐದರ ಹೊತ್ತಿಗೆ ಎತ್ತಿನ ಗಾಡಿಯಲ್ಲಿ ಮೂವರನ್ನು ಕರೆತಂದರು: ಹೆತ್ತು ಇಪ್ಪತ್ತು ದಿನವಾಗಿದ್ದ ಬಾಣಂತಿ, ಅವಳ ಕೂಸು, ಪಕ್ಕದಲ್ಲಿ ಮಲಗಿದ್ದ ಅಜ್ಜಿ. ಬಾಣಂತಿಗೆ ತಲೆ ಸಿಡಿದುಹೋಗುವ ನೋವು, ವಾಂತಿ, ಎದ್ದು ನಿಂತರೆ ಕಾಲಿನಲ್ಲಿ ಶಕ್ತಿಯಿಲ್ಲ. ಅಜ್ಜಿಗೂ ಅದೇ. ಕೂಸು ಅಳುತ್ತಲೇ ಇರಲಿಲ್ಲ. ಮೂವರಿಗೂ ಜ್ವರವಿಲ್ಲ. ರಾತ್ರಿಯ ಊಟದ ದೋಷವೆನ್ನೋಣವೆಂದರೆ ಇಪ್ಪತ್ತು ದಿನದ ಕೂಸು ಎಲ್ಲಿಯ ಊಟ ಮಾಡೀತು? ನಾನು ತಲೆ ಕೆರೆದುಕೊಳ್ಳುತ್ತಿರುವಾಗ ಅಜ್ಜಿಯೇ ರೋಗನಿದಾನ ಮಾಡಿಕೊಟ್ಟಳು. 'ರಾತ್ರಿ ಮಳಿ ಹನಿಯಾಕ ಹತ್ತಿತ್ರಿ ಸಾಹೇಬ್ರ. ಅಂಗಳದಾಗಿನ ಕೆಂಡ ಆರಿ ಹೋಗ್ತಾವಂತ ಬುಟ್ಟ್ಯಾಗ ತುಂಬಿ ಒಳಗ ತಂದು ಹೊರಸಿನ ಬುಡಕ ಇಟ್ಟೆ. ಕದಾನೂ ಹಾಕಿದೆ. ಕೂಸಿಗೆ ಥಂಡಿ ಹತ್ತಬಾರ್ದಲ್ರೀ?'

ನಸುಕಿನಲ್ಲಿ ಎಮ್ಮೆ ಹಿಂಡಲು ಎದ್ದ ಮನೆಯ ಮಗ ಚರಿಗೆ ಕೇಳಲು ಬಾಗಿಲು ಬಡಿದು, ಯಾರೂ ತೆಗೆಯದಿದ್ದಾಗ ಒದ್ದು ತೆರೆದದ್ದರಿಂದ ಮೂವರೂ ಉಳಿದರು. ಇನ್ನೊಂದು ಗಂಟೆ ತಡವಾಗಿದ್ದರೆ ಏನಾಗುತ್ತಿತ್ತೆಂದು ನೆನೆದರೆ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ.

2025ರ ನವೆಂಬರ್‌ನಲ್ಲಿ ಬೆಳಗಾವಿಯಲ್ಲಿ ಹೀಗೆ ಬಾಗಿಲು ಒಡೆಯುವವರು ಸಕಾಲಕ್ಕೆ ಬರಲಿಲ್ಲ. ಚಳಿಯೆಂದು ಕೋಣೆಯೊಳಗೆ ಇದ್ದಿಲ ಬೆಂಕಿ ಇಟ್ಟುಕೊಂಡು, ಬಾಗಿಲು ಕಿಟಕಿ ಮುಚ್ಚಿ ಮಲಗಿದ ಮೂವರು ಯುವಕರು ಮತ್ತೆ ಏಳಲಿಲ್ಲ. ಪ್ರತಿ ಚಳಿಗಾಲದಲ್ಲೂ ಇಂಥ ಸುದ್ದಿ ನಮ್ಮ ದೇಶದ ಎಲ್ಲಿಂದಲಾದರೂ ಬರುತ್ತದೆ. ನಾವು 'ಉಸಿರುಗಟ್ಟಿ ಸಾವು' ಎಂದು ಓದಿ, ಹೊಗೆ ತುಂಬಿತ್ತೇನೋ ಎಂದುಕೊಂಡು ಸುಮ್ಮನಾಗುತ್ತೇವೆ.

ತಪ್ಪು ತಿಳಿವಳಿಕೆ ಇರುವುದೇ ಅಲ್ಲಿ. ಕೊಲ್ಲುವುದು ಹೊಗೆಯಲ್ಲ. ಹೊಗೆ ಬಂದರೆ ಕಣ್ಣು ಉರಿಯುತ್ತದೆ, ಕೆಮ್ಮು ಬರುತ್ತದೆ, ಮನುಷ್ಯ ಎದ್ದು ಹೊರಗೆ ಓಡುತ್ತಾನೆ. ಚೆನ್ನಾಗಿ ಕಾದ ಕೆಂಡದಲ್ಲಿ ಹೊಗೆಯೇ ಇರುವುದಿಲ್ಲ. ಅದಕ್ಕೇ ನಮಗೆ ಅದರ ಮೇಲೆ ಅಷ್ಟು ನಂಬಿಕೆ. ಆದರೆ ಕೆಂಡ ಉರಿಯುವಾಗ ಕಾರ್ಬನ್ ಮಾನಾಕ್ಸೈಡ್ ಎಂಬ ಅನಿಲ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಗಂಟಲಿಗೆ ಕಿರಿಕಿರಿಯೂ ಇಲ್ಲ. ರಕ್ತದಲ್ಲಿ ಆಮ್ಲಜನಕವನ್ನು ಹೊರುವ ಹಿಮೋಗ್ಲೋಬಿನ್‌ಗೆ ಈ ಅನಿಲದ ಮೇಲಿರುವ ಸೆಳೆತ ಆಮ್ಲಜನಕದ ಮೇಲಿರುವುದಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು. ಹೀಗಾಗಿ ಅದು ಮೆಲ್ಲಗೆ ಬಂದು ಸೀಟು ಹಿಡಿದು ಕುಳಿತುಬಿಡುತ್ತದೆ. ಆಮ್ಲಜನಕ ನಿಂತೇ ಇರಬೇಕಾಗುತ್ತದೆ. ಮೊದಲು ತಲೆನೋವು, ಆಮೇಲೆ ವಾಕರಿಕೆ, ತಲೆ ಸುತ್ತು, ಕೈಕಾಲು ಸೋಲುವುದು. ಎಚ್ಚರವಿದ್ದವರಿಗೆ ಇಷ್ಟಾದರೂ ತಿಳಿಯುತ್ತದೆ. ಮಲಗಿದವರಿಗೆ ಏನೂ ತಿಳಿಯುವುದಿಲ್ಲ.

'ನಮ್ಮ ಅಜ್ಜಿ ಮುತ್ತಜ್ಜಿಯರೆಲ್ಲ ಬಾಣಂತಿ ಕೋಣೆಯಲ್ಲಿ ಕೆಂಡ ಇಟ್ಟೇ ಮಕ್ಕಳನ್ನು ಸಾಕಲಿಲ್ಲವೇ?' ಎಂದು ನೀವು ಕೇಳುತ್ತೀರಿ. ಸಾಕಿದರು. ಆದರೆ ಅವರ ಮನೆಗೆ ಮೇಲೆ ಹಂಚಿತ್ತು, ಹಂಚಿನ ನಡುವೆ ಸಂದಿಯಿತ್ತು, ಗೋಡೆಯಲ್ಲಿ ಗವಾಕ್ಷಿಯಿತ್ತು, ಬಾಗಿಲ ಕೆಳಗೆ ಇಲಿ ನುಸುಳುವಷ್ಟು ಜಾಗವಿತ್ತು. ಮನೆಯೇ ಉಸಿರಾಡುತ್ತಿತ್ತು. ಈಗ ನಾವು ಮೇಲೆ ಆರ್.ಸಿ.ಸಿ. ಹಾಕಿಸಿ, ಕಿಟಕಿಗೆ ಜಾರುವ ಗಾಜು ಕೂರಿಸಿ, ಸೊಳ್ಳೆಗೆಂದು ಉಳಿದ ತೂತುಗಳನ್ನೂ ಮುಚ್ಚಿದ್ದೇವೆ. ಪದ್ಧತಿ ಅದೇ ಉಳಿದಿದೆ, ಮನೆ ಬದಲಾಗಿದೆ. ಆ ಕಾಲದಲ್ಲೂ ಬಾಣಂತಿ ಕೋಣೆಯಲ್ಲಿ ಸತ್ತವರೆಲ್ಲ ಗಾಳಿ ಸೋಕಿಯೋ ದೃಷ್ಟಿ ತಾಗಿಯೋ ಸತ್ತರೆಂದು ನಂಬಲು ವೈದ್ಯನಾದ ನನಗೆ ಕಷ್ಟ. ಪಟ್ಟಣದವರು ಇದು ಹಳ್ಳಿಯ ಸಮಾಚಾರ ಎಂದುಕೊಳ್ಳಬೇಡಿ. ಕಿಟಕಿಯಿಲ್ಲದ ಬಚ್ಚಲಿನೊಳಗೆ ಗ್ಯಾಸ್ ಗೀಸರ್ ಹಾಕಿಸಿ, ಚಳಿಯೆಂದು ಬಾಗಿಲು ಬಿಗಿಮಾಡಿ ಅರ್ಧ ಗಂಟೆ ಮೈಗೆ ಬಿಸಿನೀರು ಸುರಿದುಕೊಳ್ಳುವವರಿಗೂ ಅಪಾಯ ಇದೇ ಅನಿಲದ್ದು. ಗೀಸರ್ ಬಚ್ಚಲಿನ ಹೊರಗೆ, ಗಾಳಿಯಾಡುವ ಕಡೆ ಇರಬೇಕು. ನೀರು ಮಾತ್ರ ಕೊಳವೆಯಲ್ಲಿ ಒಳಗೆ ಬರಲಿ.

ಇನ್ನು ಮಳೆಯ ಮಾತಿಗೆ ಬರುತ್ತೇನೆ. ಆ ಅಜ್ಜಿಯ ಮಾತಿನಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವೆನಿಸಿದ್ದು 'ಮಳಿ ಹನಿಯಾಕ ಹತ್ತಿತ್ರಿ' ಎಂಬುದು. ಉತ್ತರದ ಒಣಗಾಳಿ, ಶುಭ್ರ ಆಕಾಶ ಇದ್ದಾಗ ಬೀದರ್, ಕಲಬುರಗಿ, ವಿಜಯಪುರದ ಕಡೆ ರಾತ್ರಿಗಳು ಕೊರೆಯುತ್ತವೆ. ಸಮುದ್ರದಿಂದ ದೂರವಿರುವ ಆ ನೆಲಕ್ಕೆ ರಾತ್ರಿ ಆಸರೆಯಾಗುವ ತೇವವೂ ಇಲ್ಲ, ಮೋಡವೂ ಇಲ್ಲ. ಅಷ್ಟರಲ್ಲಿ ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿಯುತ್ತದೆ. ಮೋಡ ಬರುತ್ತದೆ. ಮೋಡವೆಂದರೆ ನೆಲಕ್ಕೆ ಹೊದಿಸಿದ ಕಂಬಳಿ. ರಾತ್ರಿಯ ಉಷ್ಣಾಂಶ ಮೇಲೇರುತ್ತದೆ. ಬಿಸಿಲಿಲ್ಲದ ಕಾರಣ ಹಗಲಿನದು ಇಳಿಯುತ್ತದೆ. ಪತ್ರಿಕೆಯಲ್ಲಿ 'ಚಳಿ ಇಳಿಮುಖ, ಅಲ್ಲಲ್ಲಿ ತುಂತುರು ಮಳೆ ಸಂಭವ' ಎಂದು ಬರುತ್ತದೆ. ನಿಮಗೆ ನಿರಾಳ.

ನನಗೆ ಭಯ ಹುಟ್ಟುವುದು ಆಗ. ಚಳಿಯ ತಿಳಿರಾತ್ರಿಯಲ್ಲಿ ಜನ ಅಂಗಳದಲ್ಲಿ, ಕಣದಲ್ಲಿ, ರಸ್ತೆ ಬದಿಯಲ್ಲಿ ಬೆಂಕಿ ಕಾಯಿಸುತ್ತಾರೆ. ಅದರಿಂದ ಬಟ್ಟೆಗೆ ಕಿಡಿ ಹಾರೀತೆಂಬುದನ್ನು ಬಿಟ್ಟರೆ ದೊಡ್ಡ ಅಪಾಯವಿಲ್ಲ. ಹನಿ ಬಿದ್ದಾಗಲೇ ಹೊರಗಿನ ಬೆಂಕಿ ಒಳಗೆ ಬರುವುದು. ತೊಗರಿಯ ರಾಶಿ ಕಾಯುವವನು ತಾಡಪಾಲಿನ ಕೆಳಗೆ ಕೆಂಡ ಎಳೆದುಕೊಳ್ಳುತ್ತಾನೆ. ಕಬ್ಬು ಕಡಿಯುವವರು ಪ್ಲಾಸ್ಟಿಕ್ ಹೊದಿಸಿದ ಗುಡಿಸಲಿಗೆ, ಕಟ್ಟಡದ ಕೂಲಿಗಳು ಗಾರೆ ಹೊರುವ ಬಾಂಡ್ಲಿಯಲ್ಲಿ ತುಂಬಿಕೊಂಡು ತಗಡಿನ ಶೆಡ್ಡಿಗೆ ಒಯ್ಯುತ್ತಾರೆ. ಮೈಮೇಲಿನ ಬಟ್ಟೆ ನೆನೆದಿರುತ್ತದೆ. ನೆನೆದ ಬಟ್ಟೆ ಮೈಯ ಬಿಸಿಯನ್ನು ಒಣಬಟ್ಟೆಗಿಂತ ಎಷ್ಟೋ ಬೇಗ ಕದಿಯುತ್ತದೆ. ಹೀಗಾಗಿ ಹದಿನಾರು ಡಿಗ್ರಿಯ ಹಸಿರಾತ್ರಿ ಹತ್ತು ಡಿಗ್ರಿಯ ಒಣರಾತ್ರಿಗಿಂತ ಹೆಚ್ಚು ನಡುಗಿಸಬಲ್ಲದು. ನಡುಗುವವನು ಬಾಗಿಲು ಮುಚ್ಚದೆ ಇರುತ್ತಾನೆಯೇ?

ನಮ್ಮ ಎಚ್ಚರಿಕೆಗಳ ವ್ಯವಸ್ಥೆ ಇದನ್ನು ಕಾಣುವುದೇ ಇಲ್ಲ ಎಂಬುದು ನನ್ನ ಆಕ್ಷೇಪ. ಬಯಲಿನ ಊರುಗಳಲ್ಲಿ ಕನಿಷ್ಠ ಉಷ್ಣಾಂಶ 10 ಡಿಗ್ರಿ ಅಥವಾ ಅದಕ್ಕೂ ಕೆಳಗಿದ್ದು, ವಾಡಿಕೆಗಿಂತ 4.5 ಡಿಗ್ರಿಯಾದರೂ ಇಳಿದಿದ್ದರೆ ಹವಾಮಾನ ಇಲಾಖೆ 'ಶೀತಗಾಳಿ' ಎನ್ನುತ್ತದೆ. ಹವಾಮಾನದ ಲೆಕ್ಕಕ್ಕೆ ಅದು ಸರಿ. ಮೋಡ ಬಂದೊಡನೆ ಆ ಎಚ್ಚರಿಕೆ ಹಿಂತೆಗೆದುಕೊಳ್ಳುವುದೂ ಸರಿ. ಆದರೆ ಆರೋಗ್ಯ ಇಲಾಖೆಯೂ ಅದನ್ನೇ ನೋಡಿಕೊಂಡು ಕೈತೊಳೆದುಕೊಂಡರೆ? ಶೀತಗಾಳಿ ಮುಗಿದು ಮಳೆ ಬರುತ್ತದೆ ಎಂದ ದಿನವೇ ಅದರ ಎಚ್ಚರಿಕೆ ಆರಂಭವಾಗಬೇಕು. ಇದಕ್ಕೆ ಕೋಟಿಗಳ ಯೋಜನೆ ಬೇಡ. ಹೆರಿಗೆಯಾದ ಮನೆಗೆ ಆಶಾ ಕಾರ್ಯಕರ್ತೆ 42 ದಿನದೊಳಗೆ ಹಲವು ಬಾರಿ ಹೋಗಿ ಕೂಸನ್ನು ನೋಡುತ್ತಾಳೆ. ಚಳಿಗಾಲದಲ್ಲಿ ಆಕೆ ಒಂದೇ ಒಂದು ಪ್ರಶ್ನೆ ಹೆಚ್ಚಿಗೆ ಕೇಳಲಿ: 'ಮಳೆ ಬಂದರೆ ಕೆಂಡ ಎಲ್ಲಿಡ್ತೀರಿ?' ಕಬ್ಬಿನ ಗ್ಯಾಂಗುಗಳನ್ನು ಕರೆತರುವವರು, ಕಟ್ಟಡದ ಗುತ್ತಿಗೆದಾರರು ಆಳೊಬ್ಬರಿಗೆ ಒಂದು ಒಣ ಕಂಬಳಿ, ಶೆಡ್ಡಿನ ಎರಡು ಎದುರುಬದುರು ಗೋಡೆಗಳಲ್ಲಿ ಮುಚ್ಚಲಾಗದ ಕಿಂಡಿ ಕೊಡಲೇಬೇಕೆಂದು ತಹಶೀಲ್ದಾರರು ಹೇಳಲಿ. ಕಂಬಳಿ ಕೊಡದೆ 'ಬೆಂಕಿ ಹಾಕಬೇಡಿ' ಎಂದು ಫಲಕ ತೂಗುಹಾಕುವುದು ನನ್ನ ದೃಷ್ಟಿಯಲ್ಲಿ ಕ್ರೌರ್ಯ.

ಹಾಗಾದರೆ ಕೂಸನ್ನು ಬೆಚ್ಚಗಿಡುವುದು ಹೇಗೆ? ತಾಯಿಯ ಎದೆಗಿಂತ ಒಳ್ಳೆಯ ಅಗ್ಗಿಷ್ಟಿಕೆಯಿಲ್ಲ. ಕೂಸಿನ ತಲೆಗೆ ಕುಲಾವಿ, ಕಾಲಿಗೆ ಕಾಲುಚೀಲ, ಕೆಳಗೊಂದು ಲಂಗೋಟಿ ಮಾತ್ರ ಬಿಟ್ಟು, ಬರಿಮೈಯನ್ನು ತಾಯಿಯ ಬರಿ ಎದೆಗೆ ಒರಗಿಸಿ, ಇಬ್ಬರ ಮೇಲೂ ಶಾಲು ಹೊದಿಸಿ. ಕೊಲಂಬಿಯಾ ದೇಶದ ಬೊಗೋಟಾ ನಗರದ ವೈದ್ಯರು 1978ರ ಸುಮಾರಿಗೆ, ಶಿಶುಗಳನ್ನು ಬೆಚ್ಚಗಿಡುವ ಯಂತ್ರಗಳು ಸಾಲದೆ ಬಂದಾಗ, ಕಡಿಮೆ ತೂಕದ ಮಕ್ಕಳಿಗೆ ಹೀಗೆ ಮಾಡಿದರು. ಈಗ ವಿಶ್ವ ಆರೋಗ್ಯ ಸಂಸ್ಥೆಯೇ ಇದನ್ನು ಸಲಹೆ ಮಾಡುತ್ತದೆ. ತಾಯಿಗೆ ಆಯಾಸವಾದಾಗ ಅಪ್ಪನ ಎದೆಯೂ ಆದೀತು. ಅಪ್ಪಂದಿರಿಗೆ ನಾಚಿಕೆಯೇಕೆ? ಹುಟ್ಟಿದ ದಿನವೇ ಕೂಸಿಗೆ ಸ್ನಾನ ಬೇಡ. ಆಮೇಲೂ ಮೋಡ ಮುಸುಕಿದ ದಿನಗಳಲ್ಲಿ ಮೈ ಒರೆಸಿದರೆ ಸಾಕು. ಕೂಸಿನ ಹೊಟ್ಟೆ ಬೆಚ್ಚಗಿದ್ದು ಅಂಗಾಲು ತಣ್ಣಗಿದ್ದರೆ ಅದಕ್ಕೆ ಚಳಿಯಾಗುತ್ತಿದೆ ಎಂದರ್ಥ. ಹೊಟ್ಟೆಯೂ ತಣ್ಣಗಾಗಿ, ಹಾಲು ಬಿಟ್ಟು, ಅಳು ಕ್ಷೀಣಿಸಿದರೆ ಎದೆಗೆ ಒರಗಿಸಿಕೊಂಡೇ ಆಸ್ಪತ್ರೆಗೆ ಹೊರಡಿ. ಮುದುಕರ ವಿಷಯದಲ್ಲಿ ಇನ್ನೊಂದು ಸೂಕ್ಷ್ಮವಿದೆ. ಮೈಯ ಉಷ್ಣಾಂಶ 35 ಡಿಗ್ರಿಗಿಂತ, ಅಂದರೆ 95 ಫ್ಯಾರನ್‌ಹೀಟ್‌ಗಿಂತ ಕೆಳಗಿಳಿದರೆ ಅಪಾಯ. ಆದರೆ ಪಾದರಸದ ಸಾಮಾನ್ಯ ಥರ್ಮಾಮೀಟರಿನ ಗೆರೆಗಳು ಶುರುವಾಗುವುದೇ ಸುಮಾರು ಅಲ್ಲಿಂದ. 'ಜ್ವರ ಇಲ್ಲ, ಚೆನ್ನಾಗಿದ್ದಾರೆ' ಎಂದು ನಂಬಿ ಕೂರಬೇಡಿ. ಚಳಿಯಲ್ಲಿದ್ದ ವೃದ್ಧರ ಮಾತು ತೊದಲಿದರೆ, ಮಂಕು ಕವಿದರೆ ವೈದ್ಯರನ್ನು ಕಾಣಿ.

ಕೊನೆಯದಾಗಿ ಓದುಗರೊಬ್ಬರ ಪ್ರಶ್ನೆ. ಕೊರೋನಾ ಕಾಲದಲ್ಲಿ ಕೊಂಡ, ಬೆರಳಿಗೆ ಸಿಕ್ಕಿಸುವ ಪಲ್ಸ್ ಆಕ್ಸಿಮೀಟರ್ ಮನೆಯಲ್ಲಿದೆ, ರಾತ್ರಿ ಅಗ್ಗಿಷ್ಟಿಕೆ ಇಟ್ಟಾಗ ಅದನ್ನು ನೋಡಿಕೊಂಡರೆ ಸಾಲದೇ ಎಂದು ಕೇಳಿದ್ದಾರೆ. ಸಾಲದು. ಆ ಯಂತ್ರಕ್ಕೆ ಆಮ್ಲಜನಕ ಹೊತ್ತ ರಕ್ತಕ್ಕೂ ಈ ವಿಷಾನಿಲ ಹೊತ್ತ ರಕ್ತಕ್ಕೂ ವ್ಯತ್ಯಾಸ ತಿಳಿಯದು. ಒಳಗೆ ಮನುಷ್ಯ ಮುಳುಗುತ್ತಿದ್ದರೂ ಅದು 98 ಎಂದು ತೋರಿಸಬಹುದು. ಮುಚ್ಚಿದ ಕೋಣೆಯಲ್ಲಿ ಬೆಂಕಿಯಿದ್ದು, ಒಬ್ಬರಿಗಿಂತ ಹೆಚ್ಚು ಜನರಿಗೆ ಒಟ್ಟಿಗೇ ತಲೆನೋವು ಬಂದರೆ ಮಾತ್ರೆ ಹುಡುಕಬೇಡಿ. ಬಾಗಿಲು ತೆರೆದು ಎಲ್ಲರೂ ಹೊರಗೆ ಬನ್ನಿ, ಮಳೆ ಸುರಿಯುತ್ತಿದ್ದರೂ ಸರಿ. ಆಮೇಲೆ ಆಮ್ಲಜನಕ ಕೊಡುವ ಸೌಲಭ್ಯವಿರುವ ಆಸ್ಪತ್ರೆಗೆ ಹೋಗಿ, ಕೋಣೆಯಲ್ಲಿ ಬೆಂಕಿ ಇತ್ತೆಂಬುದನ್ನು ವೈದ್ಯರಿಗೆ ಮೊದಲೇ ಹೇಳಿ. ನನ್ನಂತೆ ತಲೆ ಕೆರೆದುಕೊಳ್ಳುತ್ತಾ ಕೂರುವ ಕಷ್ಟ ಅವರಿಗೆ ತಪ್ಪುತ್ತದೆ.