ತಾಲ್ಲೂಕಿನ ಸುದ್ದಿ ಬರೆಯುವವರು ಯಾರು?



ಪ್ರತಿ ಜುಲೈ 1ರ ಪತ್ರಿಕಾ ದಿನಾಚರಣೆಯಲ್ಲಿ ಕನ್ನಡದ ಮೊದಲ ಪತ್ರಿಕೆಯಾದ 1843ರ ‘ಮಂಗಳೂರ ಸಮಾಚಾರ’ ಮತ್ತು ಅದರ ಸಂಪಾದಕ ಹರ್ಮನ್ ಮೊಗ್ಲಿಂಗರ ಸ್ಮರಣೆ ತಪ್ಪದೆ ನಡೆಯುತ್ತದೆ. ಹಾರ, ಶಾಲು, ಭಾಷಣ ಎಲ್ಲ ಆಗುತ್ತವೆ. ಜಿಲ್ಲಾ ಪತ್ರಿಕೆಗಳ ಹೊಟ್ಟೆಪಾಡಿನ ಮಾತು ಮಾತ್ರ ಬರುವುದಿಲ್ಲ.

ಪುರಸಭೆಯ ಸಾಮಾನ್ಯ ಸಭೆ, ಕೆರೆ ಒತ್ತುವರಿ, ಎಪಿಎಂಸಿ ಧಾರಣೆ, ಕೆಟ್ಟು ನಿಂತ ಕುಡಿಯುವ ನೀರಿನ ಘಟಕ – ಇವನ್ನೆಲ್ಲ ಬೆಂಗಳೂರಿನ ಟಿ.ವಿ. ಚಾನೆಲ್ ಯಾಕಾದರೂ ತೋರಿಸೀತು? ಬರೆಯಬೇಕಾದವನು ತಾಲ್ಲೂಕಿನ ಅರೆಕಾಲಿಕ ವರದಿಗಾರ. ಅಂಥವರಲ್ಲಿ ಅನೇಕರಿಗೆ ಸಂಬಳವೇ ಇಲ್ಲ. ತಂದುಕೊಟ್ಟ ಜಾಹೀರಾತಿನ ಕಮಿಷನ್ನೇ ಗತಿ. ಬೆಳಿಗ್ಗೆ ಯಾರ ಬಳಿ ಹುಟ್ಟುಹಬ್ಬದ ಜಾಹೀರಾತು ಕೇಳಿದನೋ, ಸಂಜೆ ಅವರದೇ ಕಳಪೆ ಕಾಮಗಾರಿಯ ಬಗ್ಗೆ ಬರೆಯಬೇಕು. ಹೇಗೆ ಬರೆದಾನು? ಈ ಏರ್ಪಾಡನ್ನು ಮುಟ್ಟದೆ ಸ್ಥಳೀಯ ಪತ್ರಿಕೆಗಳ ಸಂಕಷ್ಟಕ್ಕೆ ವಾಟ್ಸ್‌ಆ್ಯಪ್ ಒಂದನ್ನೇ ದೂರುವುದು ಬರೀ ನೆವ.

ಬೇರೆ ದಾರಿ ಹುಡುಕಿದವರೂ ಇದ್ದಾರೆ. ಪತ್ರಕರ್ತ ವಡ್ಡರ್ಸೆ ರಘುರಾಮ ಶೆಟ್ಟರು 1984ರಲ್ಲಿ ಮಂಗಳೂರಿನಿಂದ ‘ಮುಂಗಾರು’ ಹೊರತಂದಾಗ ಓದುಗರಿಂದಲೇ ಷೇರು ಹಣ ಕೂಡಿಸಿದ್ದರು. ಪತ್ರಿಕೆ ಉಳಿಯಲಿಲ್ಲ, ನಿಜ. ಆದರೆ ರಾಜಶೇಖರ ಕೋಟಿಯವರು 1972ರಲ್ಲಿ ಆರಂಭಿಸಿದ ‘ಆಂದೋಲನ’ ಮೈಸೂರಿನಲ್ಲಿ ಈಗಲೂ ಬರುತ್ತಿದೆ. ಹಾಗಾಗಿ ಸ್ಥಳೀಯ ಪತ್ರಿಕೆಯ ಕಾಲ ಮುಗಿಯಿತೆಂಬ ಶೋಕಗೀತೆಯನ್ನು ನಾನು ಒಪ್ಪುವುದಿಲ್ಲ.

ಸರ್ಕಾರಿ ಜಾಹೀರಾತು ಹಂಚುವಾಗ ವಾರ್ತಾ ಇಲಾಖೆ ಪ್ರಸಾರ ಸಂಖ್ಯೆ ನೋಡಿದರೆ ಸಾಲದು. ವರದಿಗಾರರಿಗೆ ಸಂಬಳ ಕೊಟ್ಟ ಬ್ಯಾಂಕ್ ದಾಖಲೆಯನ್ನೂ ಕೇಳಲಿ, ಬಿಲ್ಲಿನ ಹಣವನ್ನು ತಿಂಗಳುಗಟ್ಟಲೆ ತಡೆಯದಿರಲಿ. ಇನ್ನು, ಇಡೀ ಪತ್ರಿಕೆಯ ಪಿಡಿಎಫ್ ಅನ್ನು ಪುಕ್ಕಟೆ ಹಂಚುವ ನಮ್ಮಂಥ ಓದುಗರು ಚಂದಾ ಕಟ್ಟಲು ಶುರುಮಾಡಬೇಕು.

– ಒಬ್ಬ ಚಂದಾದಾರ, ಸಾಗರ