ತೆಂಗಿನ ಗರಿಯ ಅತಿಥಿಗಳು

ಹಿರಿಯೂರು ತಾಲ್ಲೂಕಿನ ಧರ್ಮಪುರ ಹೋಬಳಿಯು ಆಂಧ್ರದ ಗಡಿಯ ಬದಿಯಲ್ಲಿರುವ ಬಯಲುಸೀಮೆ. ಮಳೆರಾಯನು ಅಲ್ಲಿ ಬಲು ಜಿಪುಣ. ಅಂಥ ನೆಲದಲ್ಲಿ ತೆಂಗಿನ ಸಸಿಯನ್ನು ಮರವಾಗಿಸುವುದೆಂದರೆ ಮಗುವನ್ನು ಸಾಕಿ ಬೆಳೆಸಿದಷ್ಟೇ ಕಷ್ಟ. ರಾಗಿ ಕೆಟ್ಟರೆ ಮರುವರ್ಷ ಬಿತ್ತಬಹುದು. ತೆಂಗು ಕೆಟ್ಟರೆ ಹಲವು ವರ್ಷಗಳ ದುಡಿಮೆಯೇ ಮಣ್ಣುಪಾಲು. ಗರಿ ಬಾಡಿದೊಡನೆ ಮನೆಮಂದಿಯ ಮುಖವೂ ಬಾಡುವುದು ಸಹಜವೇ. ಆದರೆ ಔಷಧದ ಅಂಗಡಿಗೆ ಓಡುವ ಮುನ್ನ ಕೇಳಬೇಕಾದ ಪ್ರಶ್ನೆಯೊಂದುಂಟು: ಈ ಕೀಟ ಯಾವುದು, ಎಲ್ಲಿಂದ ಬಂದುದು?

ತೆಂಗಿನ ಕಪ್ಪುತಲೆ ಹುಳು ಈ ನಾಡಿನದೇ. ಅದು ಗರಿಯ ತಳಬದಿಯಲ್ಲಿ ನೂಲು ಮತ್ತು ಹಿಕ್ಕೆಗಳಿಂದ ಸುರಂಗ ಕಟ್ಟಿಕೊಂಡು, ಒಳಗೆ ಕುಳಿತು ಹಸುರನ್ನು ಕೆರೆದು ತಿನ್ನುತ್ತದೆ. ಹಾವಳಿ ಹೆಚ್ಚಾದ ತೋಟವು ಬೆಂಕಿ ತಾಗಿದಂತೆ ಕಾಣುತ್ತದೆ. ಆದರೆ ಪ್ರಕೃತಿ ಈ ಹುಳುವಿಗೊಬ್ಬ ಯಮನನ್ನೂ ಇಟ್ಟಿದೆ. ಗೋನಿಯೋಜಸ್ ಎಂಬ ಪುಟ್ಟ ಕಣಜವು ಹುಳುವನ್ನು ಚುಚ್ಚಿ ನಿಶ್ಚೇಷ್ಟಗೊಳಿಸಿ, ಅದರ ಮೈಮೇಲೆ ಮೊಟ್ಟೆಯಿಡುತ್ತದೆ. ಮರಿಗಳು ಆ ಹುಳುವನ್ನೇ ಉಂಡು ಬೆಳೆಯುವಾಗ ತಾಯಿ ಬಳಿಯಲ್ಲೇ ಕಾವಲಿರುತ್ತದೆ! ಈ ಕಣಜವನ್ನು ಪ್ರಯೋಗಾಲಯದಲ್ಲಿ ಸಾಕಿ ತೋಟಗಳಿಗೆ ಬಿಡುವ ಪದ್ಧತಿ ಕರ್ನಾಟಕದಲ್ಲಿ ಬಹುಕಾಲದಿಂದ ನಡೆದುಬಂದಿದೆ.

ಇದೇ ಹುಳು ಥಾಯ್ಲೆಂಡಿನಲ್ಲಿ ಪರದೇಶಿ. ಅಲ್ಲಿಗೆ ಅದು ತಲುಪಿತು. ಅದರ ಶತ್ರು ಜೊತೆಗೆ ಬರಲಿಲ್ಲ. ತೋಟಗಳು ಒಣಗಿದ ಮೇಲೆ ಆ ದೇಶವು ಶ್ರೀಲಂಕೆಯಿಂದ ಗೋನಿಯೋಜಸ್ ಕಣಜವನ್ನು ತರಿಸಿಕೊಳ್ಳಬೇಕಾಯಿತು. 2013ರಲ್ಲಿ ಚೀನದ ಹೈನಾನ್ ದ್ವೀಪದಲ್ಲಿಯೂ ಈ ಹುಳು ಕಾಣಿಸಿಕೊಂಡಿತು. ಸ್ವದೇಶದಲ್ಲಿ ಲಗಾಮಿನೊಳಗಿದ್ದ ಜೀವಿ ಪರದೇಶದಲ್ಲಿ ಹುಚ್ಚುಕುದುರೆಯಾಗುವುದು ಹೀಗೆ.

ಇನ್ನು ನಮ್ಮಲ್ಲಿಗೆ ಬಂದ ಪರದೇಶಿಯ ಸಂಗತಿ. ಸುರುಳಿ ಬಿಳಿನೊಣವನ್ನು ವಿಜ್ಞಾನಿಗಳು ಮಧ್ಯ ಅಮೆರಿಕದ ಬೆಲೀಜ್ ದೇಶದ ಮಾದರಿಗಳಿಂದ 2004ರಲ್ಲಿ ಗುರುತಿಸಿ ಹೆಸರಿಟ್ಟರು. 2016ರಲ್ಲಿ ಅದು ತಮಿಳುನಾಡಿನ ಪೊಳ್ಳಾಚಿಯ ತೆಂಗಿನಲ್ಲಿ ಕಂಡುಬಂದಿತು. ಬಳಿಕ ಕರ್ನಾಟಕಕ್ಕೂ ಹಬ್ಬಿತು. ಹೆಸರಿಗೆ ನೊಣವಾದರೂ ಇದು ಸಸ್ಯಹೇನಿನ ಬಳಗ. ಗರಿಯಡಿಯಲ್ಲಿ ರಂಗೋಲಿಯೆಳೆದಂತೆ ಸುರುಳಿಯಾಗಿ ಮೊಟ್ಟೆಯಿಟ್ಟು, ಬಿಳಿಯ ಮೇಣದ ಹುಡಿ ಉದುರಿಸಿ, ರಸ ಹೀರುತ್ತದೆ. ಅದು ವಿಸರ್ಜಿಸುವ ಸಿಹಿ ಅಂಟು ಕೆಳಗಿನ ಗರಿಗಳ ಮೇಲೆ ಬಿದ್ದು, ಅಲ್ಲಿ ಕಪ್ಪು ಬೂಷ್ಟು ಬೆಳೆಯುತ್ತದೆ. ಮಸಿ ಬಳಿದಂತಾದ ಮರವನ್ನು ಕಂಡವರಿಗೆ ಎದೆ ಝಲ್ಲೆನ್ನುವುದರಲ್ಲಿ ಆಶ್ಚರ್ಯವಿಲ್ಲ.

ಆದರೆ ಈ ಅತಿಥಿಯ ಬೆನ್ನ ಹಿಂದೆಯೇ, ಯಾರೂ ಕರೆತರದೆ, ಎನ್ಕಾರ್ಸಿಯ ಎಂಬ ಕಣಜವೂ ಬಂದಿತ್ತು. ಉದ್ದದಲ್ಲಿ ಅದು ಒಂದು ಮಿಲಿಮೀಟರಿಗೂ ಕಡಿಮೆ. ಬಿಳಿನೊಣದ ಮರಿಯೊಳಗೆ ಅದು ಮೊಟ್ಟೆಯಿಟ್ಟರೆ ಆ ಮರಿ ಕಪ್ಪಾಗಿ ಸಾಯುತ್ತದೆ. ಅದರ ಬೆನ್ನಿಗೆ ದುಂಡನೆಯ ತೂತು ಕೊರೆದುಕೊಂಡು ಹೊಸ ಕಣಜ ಹೊರಬರುತ್ತದೆ. ಆದುದರಿಂದಲೇ ಬೆಂಗಳೂರಿನ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಸಂಸ್ಥೆಯೂ ಕಾಸರಗೋಡಿನ ಕೇಂದ್ರೀಯ ತೋಟ ಬೆಳೆಗಳ ಸಂಶೋಧನಾ ಸಂಸ್ಥೆಯೂ ವಿಷದ ರಾಸಾಯನಿಕ ಸಿಂಪಡಿಸಬಾರದೆಂದು ಎಚ್ಚರಿಸಿದವು. ಮೇಣದ ಹೊದಿಕೆಯೊಳಗಿನ ಬಿಳಿನೊಣ ವಿಷದಿಂದ ತಪ್ಪಿಸಿಕೊಳ್ಳಬಹುದು; ಬಯಲಿನಲ್ಲಿ ಹಾರಾಡುವ ಕಣಜಕ್ಕೆ ಆ ಆಸರೆಯಿಲ್ಲ. ಕಾವಲುಗಾರನನ್ನು ಕೊಂದು ಕಳ್ಳನನ್ನು ಉಳಿಸಿದಂತಾದೀತು.

ಸ್ವದೇಶಿಯೆಲ್ಲ ಮಿತ್ರನಲ್ಲ, ಪರದೇಶಿಯೆಲ್ಲ ವೈರಿಯಲ್ಲ. ಕಪ್ಪುತಲೆ ಹುಳುವೂ ಎನ್ಕಾರ್ಸಿಯವೂ ಇದಕ್ಕೆ ಸಾಕ್ಷಿ. ಹಿತ್ತಲಲ್ಲಿ ಒಂದೇ ತೆಂಗಿನ ಮರವಿರುವ ಪಟ್ಟಣದ ಗೃಹಸ್ಥರೂ ಮಕ್ಕಳ ಕೈಗೊಂದು ಭೂತಗನ್ನಡಿ ಕೊಟ್ಟು ಬಾಗಿದ ಗರಿಯ ಅಡಿಭಾಗವನ್ನು ನೋಡಿಸಬಹುದು. ಕಪ್ಪಾದ ಮರಿಗಳೂ ದುಂಡು ತೂತುಗಳೂ ಹೇರಳವಾಗಿ ಕಂಡರೆ ಕೆಲಸ ಆಗಲೇ ಸಾಗಿದೆಯೆಂದರ್ಥ. ಅಂಥ ಗರಿಯ ತುಂಡೊಂದನ್ನು ಕಣಜವಿಲ್ಲದ ನೆರೆಯ ತೋಟಕ್ಕೆ ಒಯ್ದು ಕಟ್ಟಿದರೆ ಆ ಮರಕ್ಕೂ ಉಪಕಾರ. ಖರ್ಚು ಮಾತ್ರ ಒಂದು ಚೂರು ದಾರ!